ನಲವತ್ತೊಂದನೆಯ ಕಿಲೋಮೀಟರು

ಇನ್ನೂರ ಹನ್ನೆರಡು ಪುಟ. ಪದಕ್ಕಿಷ್ಟು ಅಂತ ಕೂಲಿ.
ಡರ್ಬಿಯ ಕಂಪನಿಗೆ ಸೋಮವಾರದೊಳಗೆ
ನಮ್ಮ ಹಳಿ ದುರಸ್ತಿಯ ಕೈಪಿಡಿ ಇಂಗ್ಲಿಷಿನಲ್ಲಿ ಬೇಕು.
ಎಪ್ಪತ್ತನೆಯ ಪುಟದಲ್ಲಿ ಕಾಲು ಹೂತಿತು:
‘ವಿಹ್ಲಾಪ್’.
ಮೂರು ನಿಘಂಟು ಮಗುಚಿದೆ. ಮೂರೂ ಮೂಕ.

ಕೆಳಗಿನ ಮಹಡಿಯ ವಲೆಂತಿ ಪಿರೆಕ್
ಮೂವತ್ತೇಳು ವರ್ಷ ಹಳಿಗುಂಟ ನಡೆದವರು, ಈಗ ಪಿಂಚಣಿ.
ಕೇಳಿದರೆ ಬಾಯಿ ಬಿಡಲಿಲ್ಲ.
ಬಸಿಯಲ್ಲಿ ತಣ್ಣಗಾದ ಚಹಾ ಸುರಿದು
ಅದರ ಮೇಲೆ ಬೆಂಕಿಪೊಟ್ಟಣವಿಟ್ಟು
ಅಂಗೈಯಿಂದ ಒಮ್ಮೆ ಬಡಿದರು.
ನನ್ನ ಕನ್ನಡಕದ ತುಂಬ ಹನಿ.
“ಇದೇ ಅದು. ಒರೆಸಬೇಡಿ,
ನಡೆಯಿರಿ, ನಿಜವಾದದ್ದನ್ನೇ ತೋರಿಸುತ್ತೇನೆ.”

ಸ್ಕಾರ್ಝಿಸ್ಕೊ ದಾಟಿ, ಮಾರ್ಚಿನ ಕೊಳಕು ಹಿಮದಲ್ಲಿ,
ಬರ್ಚ್ ಮರಗಳ ಬದಿಗೆ ನಿಂತೆವು.
ಜಲ್ಲಿಯ ಮೇಲೆ ಯಾರೋ ಸುಣ್ಣ ಚೆಲ್ಲಿದ ಹಾಗೆ ಬಿಳಿ ಕಲೆ.
ಕಲ್ಲಿದ್ದಲ ರೈಲು ಬಂತು.
ಒಂದೊಂದು ಗಾಲಿಗೂ ದಿಮ್ಮಿ ಮುಳುಗಿ, ಎದ್ದು,
ಬೂದು ಅಂಬಲಿ ಕಾರಿತು,
ಮುಳುಗಿ, ಎದ್ದು, ಕಾರಿತು.
ಐವತ್ತೆರಡು ಬೋಗಿ, ಎಣಿಸಿದ್ದು ಅವರು.
“ನೆಲದ ಹೊಟ್ಟೆ ಕೆಟ್ಟಿದೆ,” ಅಂದರು,
“ನೀರಿಗೆ ಹೋಗಲು ದಾರಿಯಿಲ್ಲ. ಅದಕ್ಕೇ ಮೇಲೆ ಬರುತ್ತದೆ.”

ರಾತ್ರಿ ಡರ್ಬಿಯಿಂದ ಉತ್ತರ ಬಂತು:
ನಮ್ಮಲ್ಲಿ ಇದಕ್ಕೆ ‘ವೆಟ್ ಬೆಡ್’ ಅನ್ನುತ್ತೇವೆ.
ಒದ್ದೆ ಹಾಸಿಗೆ!
ನಡುರಾತ್ರಿ ಎದ್ದು ಕೂತ ಮಗುವಿನ ಮುಖ ನೆನಪಾಗಿ
ಒಬ್ಬಳೇ ನಕ್ಕೆ.
ಹಾಸಿಗೆಯಿದ್ದ ಮೇಲೆ ಮಲಗುವವರೂ ಬೇಕಲ್ಲ,
ಹಳಿಯಡಿಯ ದಿಮ್ಮಿಗೆ ಆ ಭಾಷೆಯಲ್ಲಿ ‘ಸ್ಲೀಪರ್’.
ಬೆಳಿಗ್ಗೆ ಹೇಳಿದೆ. ವಲೆಂತಿಗೆ ಸಿಟ್ಟೇ ಬಂತು:
“ಮಲಗುವವನೆ? ದಿನಕ್ಕೆ ಅರವತ್ತು ರೈಲು
ಬೆನ್ನ ಮೇಲೆ ಹೋಗುವಾಗ?”

ನಮ್ಮದರಲ್ಲಿ ಅದು ‘ಪೊದ್‌ಕ್ವಾತ್’, ಅಡಿಗೆ ಹಾಕಿದ್ದು, ಅಷ್ಟೆ.
ಮದುವೆಗೆ ಹೊರಟಾಗ ನನ್ನ ಅತ್ತೆ
ಮುಖಕ್ಕೆ ಮೊದಲು ಬಳಿಯುವ ಬಣ್ಣಕ್ಕೂ ಅದೇ ಹೆಸರು.
ಮೇಲಿನದನ್ನು ಹೊತ್ತು ತಾನು ಕಾಣದಿರುವುದು.

ಎರಡು ಹಳಿಯ ತುದಿಗಳ ನಡುವೆ ಬಿಡುವ ಸಂದು ‘ಲೂಸ್’.
ಆತುರವಿಲ್ಲದ ಮನುಷ್ಯನಿಗೂ ನಾವು ಅದನ್ನೇ ಅನ್ನುತ್ತೇವೆ.
ಜನವರಿಯಲ್ಲಿ ನಾಣ್ಯ ತೂರಬಹುದು, ಜುಲೈಯಲ್ಲಿ ಉಗುರೂ ಇಲ್ಲ.
ಆ ಬಿಡುವು ಕೊಡದೆ ಹೋದರೆ
ಬಿಸಿಲಿಗೆ ಹಳಿ ಹಾವಾಗುತ್ತದೆ.
‘ಗ್ಯಾಪ್’ ಅಂತ ಬರೆದೆ.
ಸಂದು ದಾಟಿತು. ನಿರಾಳ ಇಲ್ಲೇ ಉಳಿಯಿತು.

ಕೊನೆಯ ಅಧ್ಯಾಯ ವಲೆಂತಿಯವರ ಕೆಲಸದ್ದೇ.
ಇಂಗ್ಲಿಷಿನಲ್ಲಿ ‘ಪೆಟ್ರೋಲ್‌ಮನ್’:
ಲಾಠಿ ಹಿಡಿದು ಯಾರನ್ನೋ ಅಟ್ಟಿಸಿಕೊಂಡು ಹೋದ ಹಾಗೆ.
ನಮ್ಮ ಕ್ರಿಯಾಪದಕ್ಕೆ ಅಂಥ ಅವಸರವಿಲ್ಲ.
ಸುತ್ತಿ ಬರುವುದೂ ಅದೇ,
ಡಾಕ್ಟರು ಮಂಚದಿಂದ ಮಂಚಕ್ಕೆ ಹೋಗುವುದೂ,
ಹೆಸರಿನ ದಿನ ಆಚರಿಸುವುದೂ,
ಯಾವುದೋ ಒಂದು ಮನಸ್ಸಿಗೆ ತಟ್ಟುವುದೂ.
“ನನಗೇನು ಬಂತು?” ಅನ್ನಬೇಕಾದರೂ
ಆ ಪದದಿಂದಲೇ ಅನ್ನಬೇಕು.

ಅವರ ಹಳೆಯ ದಿನಚರಿಗಳನ್ನು ತಂದು ಕೊಟ್ಟರು, ಪರಿಭಾಷೆಗೆ ನೆರವಾಗಲಿ ಅಂತ.
ಹನ್ನೊಂದು ಕಿಲೋಮೀಟರು. ಷರಾ ಇಲ್ಲ.
ಹನ್ನೊಂದು ಕಿಲೋಮೀಟರು, ಮಂಜು. ಷರಾ ಇಲ್ಲ.
ಮಗಳು ಹುಟ್ಟಿದಳು ಎಂದು ಅಂಚಿನಲ್ಲಿ ಪೆನ್ಸಿಲ್. ಷರಾ ಇಲ್ಲ.
ನಡುವೆ ಅಲ್ಲೊಂದು ಇಲ್ಲೊಂದು, ಬೇರೆ ಬೇರೆ ವರ್ಷಗಳ ಶಾಯಿಯಲ್ಲಿ:
ಕಿ.ಮೀ. ೪೧, ಎಡ ಹಳಿ, ವಿಹ್ಲಾಪ್. ತಿಳಿಸಿದ್ದೇನೆ.
ಕಿ.ಮೀ. ೪೧. ಮತ್ತೆ ತಿಳಿಸಿದ್ದೇನೆ.
ಒಂಬತ್ತು ಸಲ.

ಸೋಮವಾರ ಕಳಿಸಿಬಿಟ್ಟೆ.
ಬಿಲ್ಲಿನ ನಮೂನೆಯಲ್ಲಿ ಕೆಳಗೆ ಒಂದು ಚೌಕ ಖಾಲಿ: ಷರಾ.
ಒರೆಸದ ಕನ್ನಡಕದಲ್ಲೇ,
ನನಗೆ ಬರುವ ಅತ್ಯಂತ ಸ್ಪಷ್ಟ ಇಂಗ್ಲಿಷಿನಲ್ಲಿ, ತುಂಬಿದೆ:
ಕಿಲೋಮೀಟರು ನಲವತ್ತೊಂದು, ಎಡ ಹಳಿ.
ಹಾಸಿಗೆ ಇನ್ನೂ ಒದ್ದೆ.
ದಯವಿಟ್ಟು ಯಾರನ್ನಾದರೂ ಕಳಿಸಿ.